ಅಡಿಕೆ ಕೊಟ್ಟಿಗೆಯ ಅಂಬಾಸಿಡರ್‌ಗೆ ಮತ್ತೆ ಹ್ಯಾಂಡಲ್ ಹೊಡೆದದ್ದು

ಟಾರ್ಪಾಲು ಎಳೆದ ಕೂಡಲೇ ಕೋಳಿಯೊಂದು ಅರಚುತ್ತಾ ಹೊರಗೆ ಹಾರಿತು. ಹಿಂದಿನ ಸೀಟಿನ ನಾರು ಕಿತ್ತು ಗೂಡು ಮಾಡಿಕೊಂಡು ನಾಲ್ಕು ಮೊಟ್ಟೆ ಇಟ್ಟಿತ್ತು. ಅಮ್ಮ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಇಷ್ಟು ದಿನ ಇದಕ್ಕಾದ್ರೂ ಉಪಯೋಗ ಇತ್ತು. ಇನ್ನು ನೀನುಂಟು, ನಿನ್ನ ಅಪ್ಪನ ಕಾರುಂಟು" ಎಂದು ಒಳಗೆ ಹೋದಳು. ಹನ್ನೆರಡು ಮಳೆಗಾಲ ಅಡಿಕೆ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತ ಕಾರು. ತೀರ್ಥಹಳ್ಳಿಯ ಮಳೆ ಗೊತ್ತಿದ್ದವರಿಗೆ ಹನ್ನೆರಡು ಮಳೆಗಾಲ ಅಂದರೆ ಎಷ್ಟು ತುಕ್ಕು ಎಂದು ಬಿಡಿಸಿ ಹೇಳಬೇಕಿಲ್ಲ.

ಕಾರು ಅಂಬಾಸಿಡರ್ ಮಾರ್ಕ್ 2, 1972ರ ಮಾಡೆಲ್. ಮುಂದಿನ ಜಾಲರಿ ಸಣ್ಣ ಸಣ್ಣ ಚೌಕುಳಿಯದ್ದು. ನಂಬರ್ ಶುರುವಾಗುವುದು ಎಂ.ವೈ. ಎಂದು, ಅಂದರೆ ಮೈಸೂರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ನಮ್ಮ ಕಾರಿನ ಹಣೆಯಲ್ಲಿ ಮಾತ್ರ ಮೈಸೂರೇ ಉಳಿಯಿತು. ಅಪ್ಪ ಅದನ್ನು 1979ರಲ್ಲಿ ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ ತಂದು ಬಾಡಿಗೆಗೆ ಬಿಟ್ಟಿದ್ದ. ಕಪ್ಪು ಮೈ, ಹಳದಿ ಟಾಪು. ಕಣ್ಣು ಮಂಜಾದ ಮೇಲೆ ಪರ್ಮಿಟ್ ಬಿಟ್ಟ, ಕಾರು ಬಿಡಲಿಲ್ಲ. ಅಪ್ಪ ಹೋಗಿ ನಾಲ್ಕು ವರ್ಷ. ಗುಜರಿಯವರು ಮೂರು ಸಲ ಬಂದು ತೂಕದ ರೇಟು ಹೇಳಿಹೋಗಿದ್ದರು. ನಾಲ್ಕನೇ ಸಲ ಬಂದಾಗ ಅಮ್ಮ ನನಗೆ ಫೋನ್ ಮಾಡಿ, "ಬಂದು ಎಂತಾದ್ರೂ ಒಂದು ಮಾಡು ಮಾರಾಯ" ಅಂದಳು. ಹಾಗೆ ಶುರುವಾದದ್ದು ಇದು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು, ಭಾನುವಾರ ರಾತ್ರಿ ವಾಪಸ್ಸು, ಒಟ್ಟು ಒಂಬತ್ತು ವಾರಾಂತ್ಯ.

ಮೊದಲ ವಾರ ಬರೀ ಗುಡಿಸಿದ್ದು. ಸೀಟು ಎತ್ತಿದಾಗ ಕೆಳಗೆ ಸಿಕ್ಕಿದ್ದು: ಅಂಚು ಅಲೆಅಲೆಯಾಗಿದ್ದ ಅಲ್ಯೂಮಿನಿಯಂ ಹತ್ತು ಪೈಸೆ ಏಳು, ಬಳೆ ಚೂರು ಹಿಡಿಯಷ್ಟು, ಒಂದು ಮಗುವಿನ ಕಾಲ್ಗೆಜ್ಜೆಯ ಕೊಕ್ಕೆ, ಒಣಗಿ ಕಲ್ಲಾದ ಅಡಿಕೆ, ಮದುವೆಯ ಕನಕಾಂಬರ ಇದ್ದಿರಬಹುದಾದ ಕೇಸರಿ ಪುಡಿ. ಎಲ್ಲ ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟೆ. ಆಮೇಲೆ ಮ್ಯಾಟ್ ಎತ್ತಿದೆ. ಡ್ರೈವರ್ ಕಾಲಿಡುವ ಜಾಗದಲ್ಲಿ ನೆಲ ಕಾಣುತ್ತಿತ್ತು. ಕಾರಿನ ನೆಲ ಅಲ್ಲ, ಕೊಟ್ಟಿಗೆಯ ನೆಲ.

ಎಂಜಿನ್ ಜಾಮ್. ಬ್ರೇಕ್ ಪೆಡಲ್ ಕಲ್ಲು. ವೈರಿಂಗನ್ನು ಇಲಿ ತಿಂದಿತ್ತು. ಪೆಟ್ರೋಲ್ ಟ್ಯಾಂಕ್ ಅಲ್ಲಾಡಿಸಿದರೆ ಮರಳಿನ ಡಬ್ಬಿಯ ಸದ್ದು.

ಎರಡನೇ ವಾರ ಸಾಬರನ್ನು ಕರೆತಂದೆ. ತುಂಗೆಯ ಕಮಾನು ಸೇತುವೆ ದಾಟಿದರೆ ಕುರುವಳ್ಳಿ. ಅಲ್ಲಿ ಅವರ ಗ್ಯಾರೇಜ್. ಅಪ್ಪನ ಕಾರಿಗೆ ಬೇರೆ ಯಾರೂ ಕೈ ಹಾಕಿದವರಲ್ಲ. ಈಗ ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಾರೆ, ಬೊಲೆರೋ, ಜೆಸಿಬಿ ಕೆಲಸ. ಸಾಬರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ತಂದಿದ್ದ ಹೊಸ ಟೂಲ್ ಬಾಕ್ಸ್ ತೆರೆದು ತೋರಿಸಿದೆ. ಅವರು 13ರ ಸ್ಪ್ಯಾನರ್ ತೆಗೆದು ಒಂದು ಬೋಲ್ಟಿಗೆ ಹಾಕಿ, ಬೆರಳಲ್ಲಿ ಅಲ್ಲಾಡಿಸಿದರು. ಟಿಕ್ ಟಿಕ್ ಎಂದು ಆಡಿತು.

"ಕಾಣ್ತಾ? ಇದು ಅರ್ಧ ಇಂಚಿನ ಬೋಲ್ಟು. ನಿನ್ನ ಹದಿಮೂರು ಇದಕ್ಕೆ ಸಡ್ಲ. ಎರಡು ಸಲ ಜೋರು ಕೊಟ್ರೆ ಮೂಲೆ ಎಲ್ಲ ಉರುಟಾಗ್ತದೆ. ಆಮೇಲೆ ಉಳಿ ಹಿಡ್ಕೊಂಡು ಅಳ್ಬೇಕು."

ಅರ್ಧ ಇಂಚು ಅಂದರೆ 12.7 ಮಿ.ಮೀ. ವ್ಯತ್ಯಾಸ ಕೂದಲೆಳೆಯದ್ದು, ಆದರೆ ಐವತ್ತು ವರ್ಷದ ತುಕ್ಕು ಹಿಡಿದ ಬೋಲ್ಟಿಗೆ ಅಷ್ಟು ಸಾಕು. ಈ ಕಾರು ಹುಟ್ಟಿದ್ದು ಬಂಗಾಳದ ಉತ್ತರಪಾರದಲ್ಲಾದರೂ ಜಾತಕ ಇಂಗ್ಲೆಂಡಿನದು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಮೈ, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) 1489 ಸಿಸಿ ಎಂಜಿನ್, ಎಲ್ಲ ಇಂಚಿನ ಲೆಕ್ಕ. ಸಾಬರ ಹಳೇ ಗೋಣಿಚೀಲದಿಂದ ಇಂಚಿನ ಸೆಟ್ಟು ಬಂತು. ಹಿಡಿಗಳೆಲ್ಲ ಅವರ ಹೆಬ್ಬೆರಳಿನ ಅಳತೆಗೆ ಸವೆದಿದ್ದವು.

ಜಾಮ್ ಬಿಡಿಸುವ ಕೆಲಸಕ್ಕೆ ತಾಳ್ಮೆ ಬಿಟ್ಟು ಬೇರೇನೂ ಬೇಡ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಸಿರಿಂಜಿನಲ್ಲಿ ಒಂದೊಂದು ಸಿಲಿಂಡರಿಗೂ ಬಿಟ್ಟೆವು. ಒಂದು ವಾರ ಹಾಗೇ. ಅಮ್ಮ ದಿನಕ್ಕೊಂದು ಸಲ ಹಾಲು ಕರೆದು ಬರುವಾಗ ಮತ್ತಷ್ಟು ಬಿಡುತ್ತಿದ್ದಳಂತೆ. ಮುಂದಿನ ಶನಿವಾರ ಬಂಪರಿನ ತೂತಿನೊಳಗೆ ಹ್ಯಾಂಡಲ್ ತೂರಿಸಿ, ಹಿಂದಕ್ಕೂ ಮುಂದಕ್ಕೂ ತೂಗಿದಂತೆ ಒತ್ತಿದೆ. ಏನೂ ಇಲ್ಲ. ಊಟ ಮಾಡಿ ಬಂದು ಮತ್ತೆ ಒತ್ತಿದೆ. ಒಳಗೆಲ್ಲೋ ತೇಗಿದ ಹಾಗೆ ಒಂದು ಸದ್ದು, ಹ್ಯಾಂಡಲ್ ಎರಡು ಬೆರಳು ಇಳಿಯಿತು. ಸಂಜೆಯೊಳಗೆ ಪೂರ್ತಿ ಸುತ್ತು.

ಆಗ ಸಾಬರು ಕುರ್ಚಿಯಿಂದ ಎದ್ದು ಬಂದು ನನ್ನ ಹೆಬ್ಬೆರಳು ಹಿಡಿದು ಉಳಿದ ಬೆರಳುಗಳ ಪಕ್ಕಕ್ಕೇ ತಂದಿಟ್ಟರು. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳು ಸುತ್ತಿ ಮುಷ್ಟಿ ಹಿಡಿಯಬಾರದು. ಎಂಜಿನ್ ಉಲ್ಟಾ ಒದ್ದರೆ ಬೆರಳಿನ ಬುಡವೇ ಮುರಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿಂದ ಕೆಳಕ್ಕೆ ಅದುಮಬಾರದು. ಅಪ್ಪನ ಬಲಗೈ ಮಣಿಕಟ್ಟು ಸ್ವಲ್ಪ ವಾರೆ ಇತ್ತು. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಇಷ್ಟರೊಳಗೆ ಸುದ್ದಿ ಹರಡಿತ್ತು. ದಿನಕ್ಕೆ ಮೂರು ನಾಲ್ಕು ಮಂದಿ ಕೊಟ್ಟಿಗೆಗೆ ಬರುವುದು, ಬಾನೆಟ್ಟಿನ ಮೇಲೆ ಕೈಯಿಡುವುದು, ಕತೆ ಹೇಳುವುದು. ಕೆಲಸ ಅರ್ಧ ನಿಲ್ಲುತ್ತಿದ್ದುದು ಇದರಿಂದಲೇ; ನನಗೂ ನಿಲ್ಲಿಸುವುದು ಇಷ್ಟವೇ ಇತ್ತು ಅನ್ನಿ. ಒಬ್ಬರು ಎಳ್ಳಮಾವಾಸ್ಯೆ ಜಾತ್ರೆಗೆ ಇದರಲ್ಲಿ ಹದಿಮೂರು ಜನ ಹೋದೆವು ಅಂದರೆ ಇನ್ನೊಬ್ಬರು ಹದಿನೈದು ಅಂದರು. ಮುಂದಿನ ಸೀಟು ಒಂದೇ ಉದ್ದ ಬೆಂಚು, ಗೇರು ಸ್ಟೀರಿಂಗ್ ಬುಡದಲ್ಲಿ. ಹಾಗಾಗಿ ಡ್ರೈವರ್ ಬಾಗಿಲಿಗೆ ಅಂಟಿಕೊಂಡು ಅರ್ಧ ಕುಂಡೆಯಲ್ಲಿ ಕೂತರೆ ಪಕ್ಕದಲ್ಲಿ ನಾಲ್ವರು. ಅಪ್ಪ ಕೆಲವೊಮ್ಮೆ ಕಿಟಕಿಯಿಂದ ಹೊರಗೆ ಅರ್ಧ ದೇಹ ಇಟ್ಟುಕೊಂಡೇ ಓಡಿಸುತ್ತಿದ್ದ.

ಊರಲ್ಲಿ ಆಗ ಇದ್ದ ಕಾರುಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಿತ್ತು, ಪ್ರತಿಯೊಂದೂ ಒಬ್ಬ ಮನುಷ್ಯನ ಹಾಗೆ ಗೊತ್ತಿತ್ತು. ಡಾಕ್ಟರದ್ದು ಫಿಯೆಟ್, 1089 ಸಿಸಿ. ಸದ್ದು ಕೇಳಿದರೆ ಯಾವ ಬೀದಿಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಊಹಿಸುತ್ತಿದ್ದೆವು. ವಕೀಲರದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಬಾನೆಟ್ಟು ಬರೀ ಮುಚ್ಚಳ ಅಲ್ಲ, ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತಿತ್ತು. ಅವರು ಆಯಿಲ್ ನೋಡಲು ಅದನ್ನು ಎತ್ತಿದರೆ ಶಾಲೆಗೆ ಹೋಗುವ ನಾವೆಲ್ಲ ನಿಂತುಬಿಡುತ್ತಿದ್ದೆವು. ತೋಟದವರದ್ದು ಮಹೀಂದ್ರ ಜೀಪುಗಳು. ಮಾರುತಿ 1983ರ ಕೊನೆಗೆ ದೆಹಲಿಯಲ್ಲಿ ಬಂತು, ನಮ್ಮ ಊರಿಗೆ ಕಾಲಿಡಲು ಮತ್ತೂ ಸಮಯ ಹಿಡಿಯಿತು. ಬಂದಾಗ ಸಾಬರು ಅದರ ಬಾನೆಟ್ ಎತ್ತಿ ನೋಡಿ, "ಇದರೊಳಗೆ ಕೈ ಎಲ್ಲಿ ಹಾಕೋದು?" ಅಂದಿದ್ದರಂತೆ.

ಕೆಲಸಕ್ಕೆ ಬರುತ್ತೇನೆ. ಟ್ಯಾಂಕ್ ಇಳಿಸಿ, ಎರಡು ಹಿಡಿ ಬೇಬಿ ಜಲ್ಲಿ, ಒಂದು ಲೀಟರ್ ಸೀಮೆಎಣ್ಣೆ ಹಾಕಿ, ಇಬ್ಬರು ಹಿಡಿದು ಕುಲುಕಿದೆವು. ಹೊರಬಂದ ನೀರು ಕಷಾಯದ ಬಣ್ಣ. ಐದನೇ ಸಲಕ್ಕೆ ತಿಳಿಯಾಯಿತು. ಅಲ್ಲಿಗೆ ಮುಗಿಯಲಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ, ನಿಂತಲ್ಲೇ ನಿಂತ ಕಾರಿನ ಟ್ಯಾಂಕಿಗೆ ಮತ್ತೆ ತುಕ್ಕು ತರಿಸುತ್ತದೆ, ಹಳೇ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಆದ್ದರಿಂದ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ರಬ್ಬರಿಗೆ ಬದಲಿಸಿದೆ, ಪೆಟ್ರೋಲ್ ಪಂಪಿನ ಡಯಾಫ್ರಮ್ ಕೂಡ. ಇನ್ನು ಮೇಲೆ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸುವುದಿಲ್ಲ.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರ್ ಎಸ್‌ಯು ಕಂಪನಿಯದು. ಇದರ ಬಗ್ಗೆ ನಾಲ್ಕು ಮಾತು ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಇಡೀ ಕಾರಿನಲ್ಲಿ ನನಗೆ ಹುಚ್ಚು ಹಿಡಿಸಿದ್ದು ಇದೇ. ಮೇಲೊಂದು ಗಂಟೆಯಾಕಾರದ ಅಲ್ಯೂಮಿನಿಯಂ ಟೋಪಿ, ಒಳಗೆ ಒಂದು ಪಿಸ್ಟನ್ನು, ಅದರ ತುದಿಗೆ ತಳಕ್ಕೆ ಹೋದಂತೆ ಸಪೂರವಾಗುವ ಸೂಜಿ. ಎಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಎಳೆತಕ್ಕೆ ಪಿಸ್ಟನ್ ತಾನೇ ಮೇಲೇಳುತ್ತದೆ. ಗಾಳಿಯ ದಾರಿ ಅಗಲವಾಗುತ್ತದೆ, ಸೂಜಿ ಎದ್ದಷ್ಟೂ ಜೆಟ್ಟಿನ ಬಾಯಿ ತೆರೆದು ಪೆಟ್ರೋಲ್ ಹೆಚ್ಚು ಬರುತ್ತದೆ. ಎಷ್ಟು ಗಾಳಿಯೋ ಅಷ್ಟು ಪೆಟ್ರೋಲ್. ಪಿಸ್ಟನ್ನು ಧಡಕ್ಕನೆ ಏಳದಿರಲಿ ಎಂದು ಟೋಪಿಯ ಮೇಲಿನ ತಿರುಪು ಬಿಚ್ಚಿ ಒಳಗೆ ಒಂದಿಷ್ಟು ಆಯಿಲ್ ಬಿಡಬೇಕು.

ನಮ್ಮದರಲ್ಲಿ ಪಿಸ್ಟನ್ ಟೋಪಿಗೇ ಅಂಟಿಕೊಂಡಿತ್ತು. ನಾನು ನೀರುಕಾಗದ ಹಿಡಿದು ಉಜ್ಜಲು ಹೊರಟಾಗ ಸಾಬರು ಕೈಗೆ ಹೊಡೆದರು. ಪಿಸ್ಟನ್ನೂ ಟೋಪಿಯೂ ಜೋಡಿ, ಒಂದರ ಜತೆಗೊಂದು ಅಳತೆ ಸೇರಿದ್ದು; ಉಜ್ಜಿದರೆ ಸಂದು ಬಿಟ್ಟುಕೊಂಡು ಹಾಳು. ಪೆಟ್ರೋಲಿನಲ್ಲಿ ನೆನೆಸಿ, ಹಳೇ ಪಂಚೆಯ ತುಂಡಿನಲ್ಲಿ ಮಾತ್ರ ಒರೆಸಬೇಕು. ಎರಡು ಗಂಟೆ ಒರೆಸಿದೆ. ಕೂರಿಸಿದ ಮೇಲೆ ಬೆರಳಲ್ಲಿ ಪಿಸ್ಟನ್ ಎತ್ತಿ ಬಿಟ್ಟೆ. ಸಪ್ಪಳವಿಲ್ಲದೆ ಜಾರಿತು. ಸಾಬರು ತಲೆಯಾಡಿಸಿದರು. ಜೆಟ್ ಸ್ವಲ್ಪ ಸಡಿಲಿಸಿ ನಡುವಿಗೆ ತಂದು ಮತ್ತೆ ಬಿಗಿ ಮಾಡಿದೆ, ಎತ್ತಿ ಬಿಟ್ಟೆ. ಟಕ್. "ಹಾಂ, ಅದು." ಆ ಟಕ್ ಬರುವವರೆಗೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ ಎಂದೇ ಅರ್ಥ. ಅಪ್ಪ ಟೋಪಿಗೆ ಹೊಲಿಗೆ ಮೆಷಿನ್ ಎಣ್ಣೆ ಬಿಡುತ್ತಿದ್ದನಂತೆ. "ತೆಳು ಆಗ್ತದೆ ಅಂತ ಮೂವತ್ತು ವರ್ಷ ಹೇಳಿದೆ, ಕೇಳ್ಲಿಲ್ಲ" ಎನ್ನುತ್ತಾ ಸಾಬರು 20ಡಬ್ಲ್ಯೂ40 ಎಂಜಿನ್ ಆಯಿಲ್ ಬಿಟ್ಟರು. ಅಪ್ಪನ ಕಾರು ಮೊದಲ ಗೇರಿನಲ್ಲಿ ಒಮ್ಮೆ ಬಿಕ್ಕಳಿಸಿಯೇ ಹೊರಡುತ್ತಿದ್ದುದು ನೆನಪಾಯಿತು. ಎಲ್ಲ ಅಂಬಾಸಿಡರೂ ಹಾಗೇ ಎಂದುಕೊಂಡಿದ್ದೆ.

ಟ್ಯಾಪೆಟ್ ಸೆಟ್ ಮಾಡುವುದನ್ನೂ, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಸರಿಯಾದ ಗ್ಯಾಪ್ ಇಡುವುದನ್ನೂ, ಅವರೇ ಕಲಿಸಿದರು, ಒಂಬತ್ತರ ಲೆಕ್ಕದಲ್ಲಿ. ಎಂಟು ವಾಲ್ವು, ಮುಂದಿನಿಂದ ಒಂದು, ಎರಡು ಎಂದು ಎಣಿಸಿಕೊಳ್ಳಿ. ಹ್ಯಾಂಡಲ್ ತಿರುಗಿಸುತ್ತಾ ಯಾವ ವಾಲ್ವು ಪೂರ್ತಿ ಕೆಳಗಿಳಿಯಿತೋ ಅದನ್ನು ಒಂಬತ್ತರಿಂದ ಕಳೆಯಿರಿ. ಬಂದ ನಂಬರಿನ ವಾಲ್ವಿಗೆ ಗ್ಯಾಪ್ ಇಡಿ. ಎಂಟನೆಯದು ಇಳಿದಿದ್ದರೆ ಒಂದನೆಯದಕ್ಕೆ, ಆರು ಇಳಿದಿದ್ದರೆ ಮೂರಕ್ಕೆ. ಗ್ಯಾಪ್ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು, 0.38 ಮಿ.ಮೀ. ಫೀಲರ್ ಗೇಜ್ ಎಂಬ ಅಳತೆಯ ತೆಳು ಪಟ್ಟಿ ಹಾಕಿ ಎಳೆದರೆ ಬೆಣ್ಣೆಯಿಂದ ಚಾಕು ಎಳೆದ ಹಾಗೆ ಬರಬೇಕು, ಸಡಿಲವೂ ಅಲ್ಲ, ಹಿಡಿದುಕೊಳ್ಳಲೂಬಾರದು. ಎಕ್ಸಾಸ್ಟ್ ವಾಲ್ವು ಎರಡರಲ್ಲಿ ಗೇಜ್ ತೂರಲೇ ಇಲ್ಲ. ಸಾಬರಿಗೆ ಆಶ್ಚರ್ಯವಾಗಲಿಲ್ಲ. ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿಗೆ ಮಾಡಿದ್ದು. ಆ ಸೀಸವೇ ವಾಲ್ವು ಕೂರುವ ಜಾಗಕ್ಕೆ ಮೆತ್ತೆಯಾಗುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ನಿಂತಿತು. ಆಮೇಲೆ ಓಡಿದ ವರ್ಷಗಳಲ್ಲಿ ವಾಲ್ವು ತನ್ನ ಸೀಟನ್ನು ತಾನೇ ಕೊರೆದು ಒಳಗೆ ಕೂತಿದೆ, ಗ್ಯಾಪ್ ತಿಂದುಹೋಗಿದೆ. ಹೆಡ್ ಬಿಚ್ಚಿ ಗಟ್ಟಿ ಸೀಟು ಹಾಕಿಸಬೇಕು. ಸದ್ಯಕ್ಕೆ ಗ್ಯಾಪ್ ಇಟ್ಟು ಮುಚ್ಚಿದೆವು.

ನೆಲದ ತೂತಿಗೆ ಟಿಂಕರ್ ಬಂದು ಹದಿನೆಂಟು ಗೇಜಿನ ತಗಡು ಬೆಸೆದುಹೋದ. ವೈರಿಂಗ್ ನಾನೇ ಮಾಡಿದೆ, ಎರಡು ವಾರಾಂತ್ಯ. ಕಂದು ಬ್ಯಾಟರಿಯದು, ಬಿಳಿ ಇಗ್ನಿಷನ್ನಿನದು, ನೀಲಿ ಹೆಡ್‌ಲೈಟು, ಕಪ್ಪು ಅರ್ಥು. ಲ್ಯೂಕಸ್‌ನವರ ಬಣ್ಣದ ಪದ್ಧತಿ ಒಮ್ಮೆ ತಲೆಗೆ ಹೋದರೆ ಇಲಿ ತಿಂದ ತುದಿಗೂ ಜೋಡಿ ಸಿಗುತ್ತದೆ. ಡೈನಮೋ ಹಳೆಯದನ್ನೇ ಉಳಿಸಿದೆ. ಅಂದರೆ ಎಂಜಿನ್ ನಿಧಾನವಾದರೆ ಲೈಟೂ ಮಂಕು. ಆಗುಂಬೆಯ ಮಂಜಿನಲ್ಲಿ ಅಪ್ಪ ತಿರುವಿನಲ್ಲಿ ನಿಂತು ಸುಮ್ಮನೆ ಎಕ್ಸಿಲರೇಟರ್ ಒತ್ತುತ್ತಿದ್ದುದು ದಾರಿ ಕಾಣಲಿ ಎಂದು.

ಬ್ರೇಕಿನಲ್ಲಿ ಒಂದು ವಾರ ಹಾಳಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ತಂದ ವೀಲ್ ಸಿಲಿಂಡರ್ ಕಿಟ್‌ನಲ್ಲಿ ಹಿಂದಿನ ರಬ್ಬರುಗಳು ಬೇರೆ ಸೈಜು. ಡಬ್ಬಿಯ ಮೇಲೆ ಸರಿಯಾಗೇ ಬರೆದಿತ್ತು. ಬದಲಿಸಿ ತರಲು ಇನ್ನೊಂದು ವಾರ. ಇದರಲ್ಲಿ ಮಾತ್ರ ಅಡ್ಜಸ್ಟ್ ಮಾಡಲು ಸಾಬರೂ ಒಪ್ಪಲಿಲ್ಲ: ನಾಲ್ಕು ಚಕ್ರಕ್ಕೂ ಒಂದೇ ಲೈನು, ಒಂದು ಕಡೆ ಸೋರಿದರೆ ನಾಲ್ಕೂ ಹೋದವು.

ಬ್ರೇಕ್ ಲೈನಿನೊಳಗೆ ಸೇರಿದ ಗಾಳಿ ತೆಗೆಯುವಾಗ ಪೆಡಲ್ ಒತ್ತಲು ಒಬ್ಬರು ಬೇಕು. ಮನೆಯಲ್ಲಿ ಅಮ್ಮ ಮಾತ್ರ ಇದ್ದಳು. ಮೂವತ್ತು ವರ್ಷ ಈ ಕಾರಿನ ಎಡಗಡೆ ಕೂತವಳು ಸ್ಟೀರಿಂಗ್ ಹಿಂದೆ ಕೂತದ್ದು ಅವತ್ತೇ ಮೊದಲು. ಚಪ್ಪಲಿ ಹೊರಗೆ ಬಿಟ್ಟು ಹತ್ತಿದಳು. ನಾನು ಎಡ ಹಿಂದಿನ ಚಕ್ರದ ಹತ್ತಿರ ಮಲಗಿ, ನಿಪ್ಪಲಿಗೆ ಪೈಪು ಹಾಕಿ, ಅದರ ತುದಿ ಬ್ರೇಕ್ ಆಯಿಲ್ ಇದ್ದ ಗ್ಲಾಸಿನಲ್ಲಿ ಮುಳುಗಿಸಿ, "ಒತ್ತು", "ಹಿಡ್ಕೋ", "ಈಗ ಬಿಡು" ಎನ್ನುವುದು. ಗುಳ್ಳೆ ಬರುತ್ತಲೇ ಇತ್ತು. ಮೂರನೇ ಚಕ್ರದ ಹೊತ್ತಿಗೆ ಅಮ್ಮ ನಾನು ಹೇಳುವ ಮೊದಲೇ, "ಇನ್ನೂ ಮೆತ್ತಗುಂಟು, ಗಾಳಿ ಉಂಟು" ಎನ್ನತೊಡಗಿದಳು. ನಾಲ್ಕನೆಯದು ಮುಗಿದ ಮೇಲೂ ಇಳಿಯಲಿಲ್ಲ. ಒಂದು ಕೈ ಗೇರಿನ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ನಾನು ಕಾರಿನಡಿಯಲ್ಲೇ ಇದ್ದೆ.

ಎಂಟನೇ ಭಾನುವಾರ. ಪ್ಲಗ್ ಬಿಚ್ಚಿಟ್ಟು, ಹೊಸ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆದು, ರಾಕರಿನ ಮೇಲೆ ಆಯಿಲ್ ಒಸರುವವರೆಗೆ ತಿರುಗಿಸಿದೆವು. ಒಸರಿತು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜಿ, ಕಂಡೆನ್ಸರ್ ಹೊಸದು ಹಾಕಿ, ಪ್ಲಗ್ ಬಿಗಿದೆ. ಚೋಕ್ ಎಳೆದು ಸೆಲ್ಫ್ ಒತ್ತಿದರೆ ಕೆಮ್ಮಿತು, ಹಿಡಿಯಲಿಲ್ಲ. ಹತ್ತು ಸಲ. ಸಾಬರು ಡಿಸ್ಟ್ರಿಬ್ಯೂಟರ್ ಕ್ಯಾಪಿನತ್ತ ನೋಡುತ್ತಾ, "ಒಂದು, ಮೂರು, ನಾಕು, ಎರಡು" ಎಂದು ಗೊಣಗಿದರು. ಸಿಲಿಂಡರುಗಳಿಗೆ ಕಿಡಿ ಹೋಗಬೇಕಾದ ಸರದಿ ಅದು. ನಾನು ವೈರು ಹಾಕಿದ್ದು ಒಂದು, ಎರಡು, ಮೂರು, ನಾಲ್ಕು. ಎಂಜಿನಿಯರಿಂಗ್ ಓದಿದವನು ನಾನು. ಸರಿಮಾಡಿದೆ. "ಸೆಲ್ಫ್ ಬೇಡ, ಹ್ಯಾಂಡಲ್ ಹೊಡಿ" ಅಂದರು. ಹೆಬ್ಬೆರಳು ಪಕ್ಕಕ್ಕಿಟ್ಟು ಕೆಳಗಿನಿಂದ ಎಳೆದೆ. ಎರಡನೇ ಎಳೆತಕ್ಕೆ ಹಿಡಿಯಿತು.

ಕೊಟ್ಟಿಗೆ ತುಂಬ ಬಿಳಿ ಹೊಗೆ. ಸಿಲಿಂಡರಿಗೆ ಬಿಟ್ಟ ಡೀಸೆಲ್ಲೆಲ್ಲ ಸುಡುತ್ತಿತ್ತು. ಸೈಲೆನ್ಸರಿನಿಂದ ಅಡಿಕೆ ಸಿಪ್ಪೆ ಹಾರಿಬಂತು. ಕೋಳಿಗಳು ಗದ್ದೆಯವರೆಗೆ ಓಡಿದವು. ಸಾಬರು ಒಂದು ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು, ಕಣ್ಣು ಮುಚ್ಚಿ, ತುಂಬ ಹೊತ್ತು ಕೇಳಿದರು.

ಒಂಬತ್ತನೇ ವಾರ ಸಣ್ಣಪುಟ್ಟದ್ದು. ಶಿವಾಜಿನಗರದ ಗುಜರಿಯಿಂದ ತಂದಿದ್ದ ಬಾಗಿಲ ಹಿಡಿ, ಗ್ಲಾಸ್ ಏರಿಸುವ ಹಿಡಿ ಎಲ್ಲ ಹಾಕಿದೆ. ಎಡ ಹಿಂದಿನ ಬಾಗಿಲಿನದು ಮಾತ್ರ ಮೂಲದ್ದಲ್ಲ, ಅಪ್ಪ ಯಾವಾಗಲೋ ಬೀಟೆ ಮರದ ತುಂಡು ಕೆತ್ತಿ ತಿರುಪು ಹಾಕಿದ್ದ. ಅದನ್ನು ಬಿಚ್ಚಿ ಸ್ಕ್ರ್ಯಾಪ್ ಚೀಲಕ್ಕೆ ಎಸೆದು, ಕ್ರೋಮಿನದು ಹಾಕಿದೆ. ಕಾಗದಪತ್ರ ಇನ್ನೂ ಆಗಿಲ್ಲ. 2021ರ ನಿಯಮದ ಪ್ರಕಾರ ಐವತ್ತು ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ದಿನಾ ಓಡಿಸುವ ಹಾಗಿಲ್ಲ. ಅದಕ್ಕೇ ಸದ್ಯ ರಸ್ತೆಗಿಳಿಸದೆ ನಮ್ಮ ತೋಟದ ದಾರಿಯಲ್ಲೇ, ಮನೆಯಿಂದ ಗದ್ದೆ ತಡಮೆಯವರೆಗೆ ಅರ್ಧ ಕಿಲೋಮೀಟರ್ ಓಡಿಸುವುದು ಎಂದಾಯಿತು.

ಹೊರಡುವಾಗ ಕೆಳಗಿನ ಮನೆ ಅತ್ತೆ ಬಂದರು. 1984ರ ಮಳೆಗಾಲದಲ್ಲಿ ಹೆರಿಗೆಗೆಂದು ಅಪ್ಪ ಅವರನ್ನು ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದ. ಆಗುಂಬೆ ಘಾಟಿಯ ಹದಿನಾಲ್ಕು ತಿರುವನ್ನೂ ತಡೆದುಕೊಂಡವರಿಗೆ ಹೆಬ್ರಿ ದಾಟಿದ ಮೇಲೆ ಆಗಲಿಲ್ಲ. ಗಂಡುಮಗು. ಶಾಲೆಯ ಹೆಸರು ಬೇರೆ ಇದ್ದರೂ ಊರಿಗೆ ಅವನು ಇವತ್ತಿಗೂ ಹೆಬ್ರಿ. ಈ ಕತೆ ನನಗೆ ಗೊತ್ತಿತ್ತು. ಅತ್ತೆ ಹಿಂದೆ, ಎಡಗಡೆಗೆ ಹತ್ತಿ ಕೂತರು. ಬಾಗಿಲು ಹಾಕಿಕೊಂಡು, ಕೈ ಇಟ್ಟು, ತಡಕಿದರು.

"ಇಲ್ಲಿದ್ದ ಮರದ ಹಿಡಿ ಎಲ್ಲಿ ಹೋತು?"

"ಹಳೇದು ಅತ್ತೆ, ಬದಲಿಸಿದೆ."

"ಕಬ್ಬಿಣದ್ದು ಮುರಿದವಳು ನಾನು. ಆವತ್ತು. ಮರುದಿನ ನಿಂಗಳಪ್ಪ ಇದನ್ನ ಕೆತ್ತಿ ಹಾಕಿದ್ದು."

ಎಂಜಿನ್ ಆಫ್ ಮಾಡಿದೆ. ಸ್ಕ್ರ್ಯಾಪ್ ಚೀಲವನ್ನು ಅಂಗಳಕ್ಕೆ ಸುರಿದು ಹುಡುಕಲು ಕಾಲು ಗಂಟೆ ಹಿಡಿಯಿತು. ಬೀಟೆಯ ಹಿಡಿ ಸವೆದು ನುಣುಪಾಗಿ, ಅಡಿಕೆಯಷ್ಟೇ ಕೆಂಪಾಗಿತ್ತು. ಕ್ರೋಮಿನದು ಬಿಚ್ಚಿ ಅದನ್ನು ಹಾಕಿ, ತಿರುಪು ಬಿಗಿದೆ. ಅತ್ತೆ ಗ್ಲಾಸು ಅರ್ಧ ಇಳಿಸಿ, "ಹೂಂ, ಹೊರಡು" ಅಂದರು.

ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಗೇರ್ ಹಿಡಿಯನ್ನು ಗೇರ್ ಬಾಕ್ಸಿಗೆ ಸೇರಿಸುವ ಲಿಂಕ್ ಸಿಕ್ಕಿಕೊಂಡಿತು. ಇಳಿದು, ಬಾನೆಟ್ ಎತ್ತಿ, ರಾಡನ್ನು ಕೈಯಲ್ಲಿ ಎಳೆದು ಬಿಡಿಸಿದೆ. ಅಪ್ಪನೂ ಇದನ್ನೇ ಮಾಡುತ್ತಿದ್ದ. ನೈಲಾನ್ ಬುಷ್ ಕಡೆಸಲು ಲೇತಿಗೆ ಅಳತೆ ಕೊಟ್ಟು ಬಂದಿದ್ದೇನೆ. ಅದಲ್ಲದೆ ಬಾಕಿ ಇರುವುದು: ಹೆಡ್ ಕೆಲಸ, ರೇಡಿಯೇಟರ್ ಕೋರ್ ತೊಳೆಸುವುದು, ಹಿಂದಿನ ಎರಡು ಟೈರು, ವೈಪರ್ ಮೋಟಾರು. ವೈಪರ್ ಮೋಟಾರು ಯಾರ ಹತ್ತಿರವಾದರೂ ಇದ್ದರೆ ಹೇಳಿ. ಜೂನ್ ಹತ್ತಿರ ಬಂತು.